ಏಪ್ರಿಲ್ ಬಿಸಿಲಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹಕ್ಕಿ ನೋಡಿದ್ದು: ನನ್ನ ಅನುಭವ

ಬೇಸಿಗೆ ರಜದಲ್ಲಿ ಊಟಿ, ಕೊಡಗು ಬಿಟ್ಟು ಮಂಡ್ಯದ ಬಿಸಿಲಿಗೆ ಮಕ್ಕಳನ್ನು ಯಾರಾದರೂ ಕರ್ಕೊಂಡು ಹೋಗ್ತಾರಾ ಅಂತ ನಮ್ಮ ಭಾವ ವರ್ಷಗಟ್ಟಲೆ ಆಡಿಕೊಂಡರು. ಈ ಸಲ ಅವರೇ ಫೋನ್ ಮಾಡಿ ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಕಡೆ ತಿರುಗಬೇಕು ಅಂತ ಕೇಳಿದರು. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಮೊದಲು ದುಡ್ಡಿನ ವಿಷಯ. ಕಾಡು ಅಂದರೆ ಹುಲಿ, ಹುಲಿ ಅಂದರೆ ಸಫಾರಿ ಅಂತ ಒಂದು ರೆಸಾರ್ಟಿಗೆ ಹೋಗಿದ್ದೆವು. ನಾಲ್ಕು ಜನಕ್ಕೆ ಹತ್ತಿರ ಹತ್ತಿರ 30 ಸಾವಿರ ಕೈಬಿಟ್ಟಿತು. ಜಿಂಕೆ ಕಂಡಿತು, ಧೂಳು ಕುಡಿದೆವು, ಚಿಕ್ಕವಳು ಜೀಪಲ್ಲೇ ನಿದ್ದೆ ಹೋದಳು. ಮಕ್ಕಳು ಇಳಿಯುವಂತಿಲ್ಲ, ಮಾತಾಡುವಂತಿಲ್ಲ, ಇನ್ನೇನು ಮಾಡುತ್ತಾರೆ ಪಾಪ.

ಆಮೇಲೆ ಹಿಡಿದದ್ದು ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು. ಕೆಂಗೇರಿಯಿಂದ ಹೋಗಿ ಬರಲು ಪೆಟ್ರೋಲ್ ಸುಮಾರು ಸಾವಿರ, ತಿಂಡಿ ಮನೆಯದೇ. ಹಕ್ಕಿ ನೋಡಲು ಬೋಟೂ ಬೇಡ, ಜೀಪೂ ಬೇಡ. ಊರಿನ ಬೀದಿಯಲ್ಲಿ ನಿಂತು ಕತ್ತು ಮೇಲೆತ್ತಿದರೆ ಹುಣಸೆ ಮರದ ತುಂಬಾ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಮರಿಗಳು ದೊಡ್ಡವಾಗಿ ಗಲಾಟೆ ಜೋರಾಗಿರುತ್ತದೆ. ಬಿಸಿಲು ಏರಿದಂತೆ ತಾಯಿ ಕೊಕ್ಕರೆ ರೆಕ್ಕೆ ಅಗಲಿಸಿ ಮರಿಗೆ ನೆರಳು ಹಿಡಿಯುತ್ತದೆ. ಹೆಜ್ಜಾರ್ಲೆ ಬಾಯಿ ತೆರೆದು ಗಂಟಲ ಚೀಲವನ್ನು ಪಟಪಟ ಅದುರಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಇದು ಬೇಸಿಗೆಯಲ್ಲಿ ಮಾತ್ರ ಸಿಗುವ ಆಟ. ಊಟಿಯಲ್ಲಿ ಸಿಗುತ್ತಾ?

ನಮ್ಮ ಪದ್ಧತಿ ಇಷ್ಟೇ. ಬೆಳಗಿನ ಜಾವ ಐದರೊಳಗೆ ಕಾರು ಗೇಟು ದಾಟಬೇಕು, ಹತ್ತಕ್ಕೆ ವಾಪಸ್ ರಸ್ತೆಯಲ್ಲಿರಬೇಕು. ಒಂದು ದಿನಕ್ಕೆ ಒಂದೇ ಜಾಗ. ಅಲ್ಲೂ ಸುತ್ತಾಡುವುದಿಲ್ಲ, ಒಂದೇ ಮರ ಹಿಡಿದು ಒಂದೂವರೆ ಗಂಟೆ ಕೂರುತ್ತೇವೆ. ಮಕ್ಕಳು ಅಷ್ಟು ಹೊತ್ತು ಕೂರಲ್ಲ ಅಂತ ಎಲ್ಲರೂ ಹೇಳಿದರು. ಕೂರುತ್ತಾರೆ, ಆದರೆ ತಲಾ ಒಂದು ಗೂಡು ಹಂಚಿಕೊಡಬೇಕು. ಯಾರ ಗೂಡಿಗೆ ಊಟ ಮೊದಲು ಬಂತು ಅಂತ ಪೈಪೋಟಿ ಶುರುವಾದ ಮೇಲೆ ಎಬ್ಬಿಸುವುದೇ ಕಷ್ಟ. ಚಿಕ್ಕವಳನ್ನು ಕಿರುಚದ ಹಾಗೆ ಇಟ್ಟುಕೊಳ್ಳಲು ಇನ್ನೊಂದು ಉಪಾಯ ಇದೆ, ಅದನ್ನು ಬರೆಯಲ್ಲ, ನನ್ನ ಹೆಂಡತಿಯ ಕಂಪನಿ ಸೀಕ್ರೆಟ್ ಅದು. ಗೂಡು ಹೆಚ್ಚೂ ಕಡಿಮೆ ಕಣ್ಣಿನ ಮಟ್ಟಕ್ಕೆ ಕಾಣುವ ಒಂದು ತಾರಸಿಯೂ ನಮಗೆ ಗೊತ್ತು. ಮನೆಯವರು ಒಳ್ಳೆಯವರು, ಹಾಗಾಗಿ ವಿಳಾಸ ಕೇಳಬೇಡಿ.

ಹಿಕ್ಕೆಯ ವಾಸನೆಗೆ ಸಿದ್ಧರಾಗಿ. ಮರದ ನೇರ ಕೆಳಗೆ ಕಾರು ನಿಲ್ಲಿಸಿದರೆ ವಾಷಿಂಗ್ ಖರ್ಚು 500 ಸೇರಿಸಿಕೊಳ್ಳಿ. ಊರಿನವರು ಅದನ್ನೇ ಗೊಬ್ಬರ ಮಾಡಿಕೊಳ್ಳುತ್ತಾರೆ ಅಂತ ತಿಳಿದ ಮೇಲೆ ದೊಡ್ಡವನು ಒಂದು ಕವರ್ ತುಂಬಾ ತಂದು ಬಾಲ್ಕನಿಯ ಟೊಮೇಟೊ ಕುಂಡಕ್ಕೆ ಹಸಿಯಾಗಿಯೇ ಸುರಿದ. ಗಿಡ ಸುಟ್ಟುಹೋಯಿತು. ಕೊಳೆಸಿ ಹಾಕಿದ್ದರೆ ಬದುಕುತ್ತಿತ್ತೇನೋ, ಎರಡನೇ ಪ್ರಯೋಗಕ್ಕೆ ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ.

ರಂಗನತಿಟ್ಟಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಬೋಟು ಶುರುವಾಗುವಷ್ಟರಲ್ಲಿ ಬಿಸಿಲು ಏರಿರುತ್ತದೆ, ಅದಕ್ಕೆ ನಾವು ಹೋಗುವುದು ಸಂಜೆ ನಾಲ್ಕರ ಮೇಲೆ. ಬೇಸಿಗೆಯಲ್ಲಿ ಕಾವೇರಿ ಇಳಿದು ಬಂಡೆಗಳು ಮೇಲೆದ್ದಿರುತ್ತವೆ. ರಿವರ್ ಟರ್ನ್ ಅನ್ನುವ ಹಕ್ಕಿ ಮೊಟ್ಟೆ ಇಡುವುದು ಆ ಬಂಡೆಗಳ ಮೇಲೆಯೇ, ಮೊಸಳೆ ಮೈ ಕಾಯಿಸುವುದೂ ಅಲ್ಲೇ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಹೇಳಿ ಅದು ಪಕ್ಷಿಧಾಮ ಆಗಿರದಿದ್ದರೆ ಈಗ ಸುತ್ತ ಬರೀ ಲೇಔಟ್ ಇರುತ್ತಿತ್ತು ಅನ್ನುವುದು ನನ್ನ ಅನಿಸಿಕೆ.

ಮಧುಗಿರಿ ಕಡೆಯ ಮೈದನಹಳ್ಳಿಗೆ ಕೃಷ್ಣಮೃಗ ನೋಡಲು ಗೆಳೆಯನ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಲ್ಲಿ ನೋಡುವ ದೊಡ್ಡ ದುರ್ಬೀನು) ಹೊತ್ತುಕೊಂಡು ಹೋದೆವು. ಎಂಟೂವರೆ ಆದಮೇಲೆ ನೆಲದ ಝಳಕ್ಕೆ ಎಲ್ಲ ಕುಣಿಯತೊಡಗಿತು, ಕೊಂಬು ಯಾವುದು ಹುಲ್ಲು ಯಾವುದು ಗೊತ್ತಾಗಲಿಲ್ಲ. ನೆರಳೂ ಕಡಿಮೆ. ಸೆಕೆಂಡ್‌ಹ್ಯಾಂಡಲ್ಲಿ ನಾಲ್ಕೂವರೆ ಸಾವಿರಕ್ಕೋ ಏನೋ ತೆಗೆದುಕೊಂಡ ಎಂಟು ಪಟ್ಟು ದೊಡ್ಡದಾಗಿ ತೋರಿಸುವ ನಮ್ಮ 8x42 ಬೈನಾಕ್ಯುಲರೇ ಜಾಸ್ತಿ ಕೆಲಸಕ್ಕೆ ಬಂತು. ಅದಕ್ಕೂ ಮೊದಲು ಮಕ್ಕಳಿಗೆ ಅಂತ ತಂದ 600 ರೂಪಾಯಿಯದು ಈಗ ಆಟಿಕೆ ಡಬ್ಬಿಯಲ್ಲಿದೆ.

ನೀರಿನದೂ ಹೇಳಿಬಿಡುತ್ತೇನೆ. ಐಸ್‌ಬಾಕ್ಸ್ ತಗೊಳ್ಳಿ ಅಂತ ತುಂಬಾ ಜನ ಹೇಳಿದರು. ನಾವು ರಾತ್ರಿಯೇ ಮಜ್ಜಿಗೆ ಬಾಟಲನ್ನು ಮುಕ್ಕಾಲು ತುಂಬಿಸಿ ಫ್ರೀಜರಲ್ಲಿಟ್ಟು, ಬೆಳಗ್ಗೆ ಒದ್ದೆ ಪಂಚೆ ತುಂಡು ಸುತ್ತುತ್ತೇವೆ. ಒಂಬತ್ತಕ್ಕೆ ಕುಡಿಯುವ ಹದಕ್ಕೆ ಕರಗಿರುತ್ತದೆ. ನೀರಿನ ಬಾಟಲ್ ತಲೆಗೆ ಎರಡು ಲೀಟರ್, ಅದರಲ್ಲಿ ರಾಜಿ ಇಲ್ಲ.

ಮುಂದಿನ ಬೇಸಿಗೆಗೆ ಹಂಪಿ ಹತ್ತಿರದ ದರೋಜಿ ಕರಡಿಧಾಮ. ತೊಂದರೆ ಏನಂದರೆ ಅಲ್ಲಿ ಕರಡಿ ಗುಡ್ಡದಿಂದ ಇಳಿಯುವುದು ಮಧ್ಯಾಹ್ನದ ಮೇಲೆ, ನಮ್ಮ ಬೆಳಗಿನ ಲೆಕ್ಕ ನಡೆಯಲ್ಲ. ಭಾವ ತಾವೂ ಬರುತ್ತೇನೆ ಅಂದಿದ್ದಾರೆ, ಅವರ ಕಾರಿನ ಎಸಿ ಚೆನ್ನಾಗಿದೆ.