ಪ್ರಯಾಣದಲ್ಲಿ ಮಕ್ಕಳ ಬಟ್ಟೆ ಹುಡುಕುವ ಗೋಳು ಹೀಗೆ ತಪ್ಪಿತು

ಕಳೆದ ಜುಲೈನಲ್ಲಿ ಕಾರಿನಲ್ಲಿ ಮಡಿಕೇರಿಗೆ ಹೊರಟಿದ್ದೆವು. ಸುಂಟಿಕೊಪ್ಪ ದಾಟಿದ ಮೇಲೆ ಮೂರು ವರ್ಷದ ಮಗಳು ಮೈಮೇಲೆಲ್ಲ ವಾಂತಿ ಮಾಡಿಕೊಂಡಳು. ಅವಳ ಬಟ್ಟೆ ಇದ್ದಿದ್ದು ದೊಡ್ಡ ಸೂಟ್‌ಕೇಸಿನ ತಳದಲ್ಲಿ. ಸುರಿಯುವ ಮಳೆಯಲ್ಲಿ ಡಿಕ್ಕಿ ತೆಗೆದು ಎಲ್ಲರ ಬಟ್ಟೆ ಕೆದಕಬೇಕಾಯಿತು. ಮಗು ಚಳಿಗೆ ನಡುಗುತ್ತಿತ್ತು. ನೆನೆದರೆ ಈಗಲೂ ಹೊಟ್ಟೆ ಚುರ್ ಎನ್ನುತ್ತದೆ.

ಅಂಗಿಗಳೆಲ್ಲ ಒಂದು ಕಡೆ, ಚಡ್ಡಿಗಳೆಲ್ಲ ಒಂದು ಕಡೆ ಜೋಡಿಸುತ್ತಿದ್ದೆ. ಬೀರುವಿಗೆ ಅದು ಸರಿ, ಪ್ರಯಾಣಕ್ಕಲ್ಲ.

ಈಗ ಒಂದು ಮಗುವಿಗೆ, ಒಂದು ದಿನಕ್ಕೆ, ಒಂದು ಸುರುಳಿ. ಅಂಗಿ ಹಾಸಿ, ಮೇಲೆ ಪ್ಯಾಂಟು, ಬನಿಯನ್, ಚಡ್ಡಿ ಇಟ್ಟು, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಮಗನದು ಕೆಂಪು ಬ್ಯಾಂಡ್, ಮಗಳದು ಹಸಿರು. ಜಾಗವೂ ಕಡಿಮೆ ಸಾಕು. ದಿನಕ್ಕೊಂದರ ಜೊತೆ ಎರಡು ಜಾಸ್ತಿ, ಮಳೆಗಾಲವಾದರೆ ಮೂರು. ಮಲೆನಾಡಿನ ಮಳೆಯಲ್ಲಿ ಒಗೆದದ್ದು ಒಣಗುವುದಿಲ್ಲ, ಅಲ್ವಾ?

ಇನ್ನೊಂದು ಚಿಕ್ಕ ಬ್ಯಾಗ್ ಸದಾ ಕಾಲ ಹತ್ತಿರ ಇರುತ್ತದೆ. ಅದರಲ್ಲಿ ಮಕ್ಕಳಿಗೆ ಒಂದೊಂದು ಸುರುಳಿ, ಟವೆಲ್, ಔಷಧಿ, ನಾಲ್ಕು ಕವರ್. ಕವರ್‌ಗಳನ್ನು ಮನೆಯಲ್ಲೇ ಊದಿ ನೋಡಿ, ತೂತಿದ್ದರೆ ಗೊತ್ತಾಗುತ್ತದೆ. ನಿಮಗೂ ಒಂದು ಅಂಗಿ ಇಟ್ಟುಕೊಳ್ಳಿ. ಮಗು ಮಲಗಿರುವುದು ನಿಮ್ಮ ತೊಡೆಯ ಮೇಲೇ ತಾನೆ.

ಮೊನ್ನೆ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಹೋದೆವು. ಸಕಲೇಶಪುರದ ಆಚೆ ಘಾಟಿಯಲ್ಲಿ 57 ಸುರಂಗಗಳಿವೆ. ಎಣಿಸುವ ಸಂಭ್ರಮದಲ್ಲಿ ಮಗ ಹಾಲು ಚೆಲ್ಲಿಕೊಂಡ. ಬ್ಯಾಗಿಗೆ ಕೈ ಹಾಕಿದೆ, ಕೆಂಪು ಬ್ಯಾಂಡ್ ಸಿಕ್ಕಿತು. ಎರಡು ಸುರಂಗ ದಾಟುವಷ್ಟರಲ್ಲಿ ಒಣ ಅಂಗಿ ತೊಟ್ಟು ಮತ್ತೆ ಕಿಟಕಿಗೆ ಅಂಟಿಕೊಂಡಿದ್ದ.