ಓನ್ಲಿ ಎಲ್ಲಿಡ್ಬೇಕು ಅಂತ ಕೊನೆಗೂ ‘ಬರೀ’ ಕಲಿಸ್ತು

ಇಂಗ್ಲಿಷ್ ಪಾಠದಲ್ಲಿ ಕನ್ನಡ ತರಬೇಡ, ಹುಡುಗರು ಕೆಡ್ತಾರೆ ಅಂತ ಜೊತೆಲಿ ಪಾಠ ಮಾಡೋರು ಎಷ್ಟು ಸಲ ಹೇಳಿದ್ರೋ ಲೆಕ್ಕ ಇಲ್ಲ. ಈಗ ಅವ್ರೇ, ಇಂಗ್ಲಿಷ್ ವಾಕ್ಯದಲ್ಲಿ ‘ಓನ್ಲಿ’ (only) ಎಲ್ಲಿಡ್ಬೇಕು ಅಂತ ಕನ್ನಡದಿಂದ ಕಲಿಸೋ ನನ್ ಅಭ್ಯಾಸದ ಶೀಟ್ ಕೇಳ್ತಿದಾರೆ.

ನಂಗೆ ಇದರ ಹುಚ್ಚು ಹಿಡಿದಿದ್ದು ದುಡ್ಡು ಕಳ್ಕೊಂಡ ಮೇಲೆ. ಒಂದು ಅನುವಾದದ ಕೆಲಸದಲ್ಲಿ ‘ಸದಸ್ಯರಿಗೆ ಭಾನುವಾರ ಮಾತ್ರ ಉಚಿತ’ ಅನ್ನೋದನ್ನ ‘ಫ್ರೀ ಫಾರ್ ಮೆಂಬರ್ಸ್ ಓನ್ಲಿ ಆನ್ ಸಂಡೇಸ್’ ಅಂತ ಮಾಡಿ ಕಳಿಸ್ಬಿಟ್ಟೆ. ಓದಿ ನೋಡಿ, ಓನ್ಲಿ ಎಡಕ್ಕೂ ಅಂಟತ್ತೆ ಬಲಕ್ಕೂ ಅಂಟತ್ತೆ, ಮೆಂಬರ್ಸ್‌ಗೆ ಮಾತ್ರಾನಾ ಭಾನುವಾರ ಮಾತ್ರಾನಾ? ಪ್ರಿಂಟ್ ಆದ್ಮೇಲೆ ಗೊತ್ತಾಯ್ತು, ರೀಪ್ರಿಂಟ್ ಖರ್ಚು ನನ್ ತಲೆಗೇ ಕಟ್ಟಿದ್ರು, ಬಿಲ್ಲಲ್ಲಿ ಹತ್ರಹತ್ರ ಮೂರರಲ್ಲೊಂದು ಪಾಲು ಹೋಯ್ತು. ‘ಫ್ರೀ ಓನ್ಲಿ ಆನ್ ಸಂಡೇಸ್ ಫಾರ್ ಮೆಂಬರ್ಸ್’ ಅಂದಿದ್ರೆ ಮುಗೀತಿತ್ತು.

ಹುಡುಗರಿಗೆ ಇದನ್ನ ಕಲಿಸೋಕೆ ಮೊದ್ಲು ಹಿಡಿದಿದ್ದು ‘ಏ’ ದಾರಿ, ‘ಅಲ್ಲೇ’ ‘ಅವನೇ’ ಥರ ಪದದ ಕೊನೆಗೆ ಅಂಟೋ ಏ ಎಲ್ಲಿದ್ಯೋ ಅಲ್ಲಿ ಓನ್ಲಿ. ಪೂರ್ತಿ ಫೇಲ್. ‘ಅಲ್ಲೇ ಇದಾನೆ’ಗೆ ‘ಹೀ ಈಸ್ ದೇರ್ ಓನ್ಲಿ’ ಅಂತ ಸಾಲುಸಾಲಾಗಿ ಬಂತು, ಅನುವಾದಕ್ಕೆ ಕೊಟ್ಟ 40 ವಾಕ್ಯದಲ್ಲಿ 25ರ ಮೇಲೆ ತಪ್ಪು ಅಂತ ನೆನಪು. ನಮ್ ಏ ಸುಮ್ನೆ ಒತ್ತಿ ಹೇಳೋಕೂ ಬರತ್ತೆ, ಬೇರೆ ಯಾವ್ದೂ ಅಲ್ಲ ಅನ್ನೋಕೂ ಬರತ್ತೆ, ಓನ್ಲಿ ಮಾಡೋದು ಎರಡ್ನೇ ಕೆಲಸ. ಆಮೇಲೆ ಏ ತೆಗ್ದು ‘ಮಾತ್ರ’ ಹಾಕ್ಸಿದೆ. ‘ಅಲ್ಲಿ ಮಾತ್ರ ಇದಾನೆ’ ಅಂದ್ರೆ ಅರ್ಥ ಕೆಡತ್ತೆ, ಹಂಗಾದ್ರೆ ಓನ್ಲಿ ಬೇಡ ಅಂತ ಲೆಕ್ಕ. ಅರ್ಧ ಗೆದ್ದೆ, ಆದ್ರೆ ಮಾತ್ರ ಬರೋದು ಪದ ಆದ್ಮೇಲೆ, ಓನ್ಲಿ ಪದಕ್ಕೆ ಮುಂಚೆ, ಹುಡುಗರು ಅಲ್ಲೇ ಜಾರ್ತಿದ್ರು.

ಆಗ ಹೊಳೆದಿದ್ದು ‘ಬರೀ’. ಅದು ಪದಕ್ಕೆ ಮುಂಚೆನೇ ಕೂರತ್ತೆ! ‘ಬರೀ ಎರಡು ಚಾಪ್ಟರ್ ಓದ್ದ’ ಅಂದ್ರೆ ‘ಹೀ ರೆಡ್ ಓನ್ಲಿ ಟೂ ಚಾಪ್ಟರ್ಸ್’. ‘ಚಾಪ್ಟರ್‌ನ ಬರೀ ಓದ್ದ, ನೋಟ್ಸ್ ಮಾಡ್ಲಿಲ್ಲ’ ಅಂದ್ರೆ ‘ಹೀ ಓನ್ಲಿ ರೆಡ್ ಇಟ್’. ಬರೀ ಯಾವ ಪದದ ಮುಂದಿದ್ಯೋ ಓನ್ಲಿನೂ ಅದೇ ಪದದ ಮುಂದೆ. ಅದೇ 40ರಲ್ಲಿ 33-34 ಸರಿ ಬಂತು. ಮಾತಲ್ಲಿ ಇಂಗ್ಲಿಷ್‌ನೋರೇ ಓನ್ಲಿನ ವರ್ಬ್ ಮುಂದೆ ಇಡ್ತಾರಲ್ಲ ಅಂತ ಕೆಲವ್ರು ಕೇಳ್ತಾರೆ, ಹೌದು, ತಪ್ಪಲ್ಲ, ಅವ್ರು ದನಿ ಒತ್ತಿ ಅರ್ಥ ದಾಟಿಸ್ತಾರೆ, ಬರವಣಿಗೆಲಿ ಆ ದನಿ ಇರಲ್ಲ.

‘ಓನ್ಲಿ ದೆನ್ ಡಿಡ್ ಐ’ (ಆಗಷ್ಟೇ ನಾನು…) ಥರ ವಾಕ್ಯಕ್ಕೆ ಬರೀ ಸಾಲಲ್ಲ, ಅದಕ್ಕೆ ಬೇರೆ ಉಪಾಯ ಇದೆ, ಅದನ್ನ ನನ್ ಬ್ಯಾಚ್‌ನೋರಿಗೆ ಇಟ್ಕೊಂಡಿದೀನಿ. ‘ಜಸ್ಟ್’ ಅನ್ನೋ ಪದದ ಮೇಲೂ ಟ್ರೈ ಮಾಡ್ದೆ, ಅದು ‘ಈಗಷ್ಟೇ’ನೂ ಆಗತ್ತೆ ‘ಬರೀ’ನೂ ಆಗತ್ತೆ ‘ಸರಿಯಾಗಿ’ನೂ ಆಗತ್ತೆ, ಕೈಬಿಟ್ಟೆ. ಈಗ ‘ಈವನ್’ (even) ಹಿಡ್ಕೊಂಡಿದೀನಿ. ‘ನಂಗೂ ಗೊತ್ತಿಲ್ಲ’ಗೆ ಎಲ್ರೂ ‘ಈವನ್ ಐ ಡೋಂಟ್ ನೋ’ ಅಂತಾರೆ, ಅದು ‘ನಂಗೇ ಗೊತ್ತಿಲ್ಲ, ಇನ್ನು ಬೇರೆಯೋರಿಗೆಲ್ಲಿ’ ಅನ್ನೋವಾಗ ಬರೋದು, ಬರೀ ‘ನಂಗೂ’ ಅಂದ್ರೆ ‘ಐ ಡೋಂಟ್ ನೋ ಐದರ್’ ಸಾಕು.