ಟಾಟಾ ಹೆಸರು ಎತ್ತುವ ಮೊದಲು

ಮುಂಬಯಿಯ ನಮ್ಮ ಮನೆಗಳಲ್ಲಿ ‘ಟಾಟಾ’ ಅನ್ನುವುದು ಕಾಯಿಲೆಯ ಹೆಸರಾಗಿಬಿಟ್ಟಿದೆ. ‘ಅವರನ್ನ ಟಾಟಾಕ್ಕೆ ತೋರಿಸ್ತಿದ್ದಾರಂತೆ’ ಅಂದರೆ ಸಾಕು, ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ. 1941ರಿಂದ ಪರೇಲಿನಲ್ಲಿರುವ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬಂದ ಕೀರ್ತಿ ಅದು. ಹೆಂಡತಿಯ ಎದೆಯಲ್ಲಿ ಗಂಟು ಇದೆ ಎಂದು ಗೊತ್ತಾದ ಗಂಡ ಗಾಬರಿಯಲ್ಲಿ ಮೊದಲು ಆಡುವ ಮಾತೂ ಅದೇ: ‘ನಡಿ, ಟಾಟಾಕ್ಕೆ ಹೋಗೋಣ.’ ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಾಳೆ. ಮತ್ತೆ ಮೂರು ತಿಂಗಳು ಆ ಮಾತೇ ಏಳುವುದಿಲ್ಲ.

ಡೊಂಬಿವಲಿ, ಠಾಣೆ, ಐರೋಲಿ ಕಡೆಯ ಕನ್ನಡದವರ ಜೊತೆ ಆಸ್ಪತ್ರೆಗೆ ಓಡಾಡುವಾಗ ನಾನು ಪಾಲಿಸುವುದು ಒಂದೇ ಕ್ರಮ. ಕಾಯಿಲೆ ಯಾವುದು ಎಂದು ವಾದಿಸುವುದಿಲ್ಲ, ತಾರೀಖು ಮಾತ್ರ ಕೇಳುತ್ತೇನೆ. ಗಂಡಂದಿರಿಗೆ ಹೇಳಿಕೊಡುವ ಮಾತು ಹೀಗಿರುತ್ತದೆ: ‘ಅದು ಏನು ಅಂತ ನಾನೂ ಹೇಳಲ್ಲ, ನೀನೂ ಹೇಳ್ಬೇಡ. ಶನಿವಾರ ಬೆಳಿಗ್ಗೆ ಲೇಡಿ ಡಾಕ್ಟರ್ ಒಮ್ಮೆ ಕೈಯಿಟ್ಟು ನೋಡ್ಲಿ. ಅಷ್ಟೇ. ಮುಂದಿನದು ಆಮೇಲೆ.’ ಒಪ್ಪಿಗೆ ಕೇಳುವುದು ಆ ಒಂದು ಬೆಳಗಿನ ಮಟ್ಟಿಗೆ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ‘ಏನೂ ಇರಲ್ಲ ಬಿಡು’ ಎನ್ನಬಾರದು. ‘ಹಾಗಾದ್ರೆ ಯಾಕೆ ಹೋಗ್ಬೇಕು?’ ಎಂಬ ಉತ್ತರ ಅವಳಲ್ಲಿ ಸಿದ್ಧವಾಗಿಯೇ ಇರುತ್ತದೆ.

ಮಾತಾಡುವ ಜಾಗವೂ ಮುಖ್ಯ. ಒಂದು ರೂಮು, ಒಂದು ಕಿಚನ್ನಿನ ಮನೆಯಲ್ಲಿ ಅತ್ತೆಗೂ ಮಕ್ಕಳಿಗೂ ಕೇಳದ ಹಾಗೆ ಮಾತಾಡಲು ಆಗುವುದಿಲ್ಲ. ಸಂಜೆ ತರಕಾರಿಗೆ ಹೋಗುವಾಗ, ಸ್ಟೇಷನ್ನಿಂದ ನಡೆದು ಬರುವಾಗ ಹೇಳಿ. ಪಕ್ಕದಲ್ಲಿ ನಡೆಯುತ್ತಿದ್ದರೆ ಮುಖ ನೋಡಬೇಕಾಗಿಲ್ಲ, ನಾಚಿಕೆಯ ವಿಷಯಕ್ಕೆ ಅದೇ ಅನುಕೂಲ. ಬಿ.ಪಿ. ನೋಡಿಸೋಣ ಎಂದು ಸುಳ್ಳು ಹೇಳಿ ಕರೆದೊಯ್ಯುವುದಂತೂ ಬೇಡವೇ ಬೇಡ. ಮೊದಲ ದಿನ ನಡೆದೀತು, ಸೂಜಿ ಪರೀಕ್ಷೆಯ (ಗಂಟಿನ ಚೂರು ತೆಗೆದು ನೋಡುವ ಬಯಾಪ್ಸಿಯ) ದಿನ ಅವಳು ಬರುವುದಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿಗೂ ಈ ಸುದ್ದಿ ಹೋಗಬಾರದು. ಅವಳು ನಂಬುವ ಒಬ್ಬರು, ಅಕ್ಕನೋ ಚಿಕ್ಕಮ್ಮನೋ, ಜೊತೆಗಿದ್ದರೆ ಸಾಕು.

‘ಬೇಡ’ ಎನ್ನುವುದರ ಹಿಂದೆ ಏನಿದೆ ಎಂದು ಕೇಳಿ ತಿಳಿಯಬೇಕು, ಊಹಿಸಬಾರದು. ‘ಮೇ ತಿಂಗಳಲ್ಲಿ ಊರಿಗೆ ಹೋದಾಗ ತೋರಿಸೋಣ’ ಎನ್ನುವುದು ನಮ್ಮವರ ಖಾಯಂ ಮಾತು. ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಗಂಟು ಕೈಗೆ ಸಿಕ್ಕ ದಿನಕ್ಕೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ, ಅಲ್ಲಿಂದ ಮೇ ತನಕ ವಾರ ಎಣಿಸಲು ಅವಳಿಗೇ ಹೇಳಿ. ಚರ್ಚೆಗಿಂತ ಈ ಎಣಿಕೆ ಹೆಚ್ಚು ಕೆಲಸ ಮಾಡುತ್ತದೆ. ‘ಉಷ್ಣ ಆಗಿದೆ’ ಎಂದು ಸುಣ್ಣ ಬೆಲ್ಲ ಹಚ್ಚುವವರಿದ್ದಾರೆ. ಸುಣ್ಣದಿಂದ ಚರ್ಮ ಸುಟ್ಟು ಕೆಂಪಾದರೆ ಡಾಕ್ಟರ ಕೈಗೂ ಕಣ್ಣಿಗೂ ಗೊಂದಲ. ‘ಸೂಜಿ ತಾಗಿದ್ರೆ ಹರಡುತ್ತೆ’ ಎನ್ನುವುದು ಎಲ್ಲಕ್ಕಿಂತ ಗಟ್ಟಿ ಭಯ. ಎದೆಯ ಗಂಟಿಗೆ ಸೂಜಿ ಹಾಕಿದ್ದರಿಂದ ರೋಗ ಹರಡುವುದಿಲ್ಲ. ಹಾಕದೆ ಆಪರೇಷನ್ ಮಾಡಿದರೆ ಎಷ್ಟು ಕೊಯ್ಯಬೇಕು, ಮೊದಲು ಔಷಧ ಕೊಡಬೇಕೇ ಎಂಬುದೇ ಗೊತ್ತಾಗುವುದಿಲ್ಲ.

ಇನ್ನೂ ಮುಟ್ಟಾಗುವ ಚಿಕ್ಕ ವಯಸ್ಸಿನವಳಿಗೆ ಮುಟ್ಟಿಗೆ ಮುಂಚೆ ನೋಯುವ ಗಂಟು ಸಿಕ್ಕಿದ್ದರೆ ಒಂದು ಸುತ್ತು ಕಾಯಬಹುದು. ಮುಟ್ಟು ಮುಗಿದ ಮೇಲೂ ಇದ್ದರೆ ಹೊರಡಲೇಬೇಕು. ಮುಟ್ಟು ನಿಂತವರು ಕಾಯುವ ಹಾಗಿಲ್ಲ. ಚರ್ಮ ಕುಳಿಬಿದ್ದಿದ್ದರೆ, ತೊಟ್ಟು ಹೊಸದಾಗಿ ಒಳಗೆ ಎಳೆದುಕೊಂಡಿದ್ದರೆ, ರಕ್ತ ಒಸರಿದರೆ, ಕಂಕುಳಲ್ಲೂ ಗಂಟು ಸಿಕ್ಕರೆ ಯಾವ ವಯಸ್ಸಿನವರಿಗೂ ವಾಯಿದೆ ಇಲ್ಲ. ನೋವಿಲ್ಲ ಎನ್ನುವುದು ಸಮಾಧಾನದ ಕಾರಣವೇ ಅಲ್ಲ.

ಮೊದಲ ಭೇಟಿ ಮನೆಯ ಹತ್ತಿರದ ಸ್ತ್ರೀರೋಗ ತಜ್ಞೆ ಅಥವಾ ಸರ್ಜನ್ ಹತ್ತಿರ ಇರಲಿ. ಖರ್ಚಿನ ಚಿಂತೆ ಇದ್ದರೆ ಕೆ.ಇ.ಎಂ., ಸಾಯನ್ ಅಥವಾ ನಾಯರ್ ಆಸ್ಪತ್ರೆಯ ಸರ್ಜರಿ ಓಪಿಡಿ. ಕೇಸ್ ಪೇಪರ್ (ಹೆಸರು ನೋಂದಾಯಿಸುವ ಚೀಟಿ) ಸಾಲಿಗೆ ಬೆಳಿಗ್ಗೆ ಬೇಗ ಹೋಗಬೇಕು. ಉಟ್ಟುಕೊಂಡು ಹೋಗುವುದು ಸೀರೆ ರವಿಕೆ ಅಥವಾ ಕುರ್ತಾ ಪೈಜಾಮ, ಮೇಲ್ಭಾಗ ಮಾತ್ರ ತೆಗೆಯಲು ಬರುವಂಥದ್ದು. ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಇದ್ದರೆ ಆ ದಿನ ಪೌಡರ್, ಡಿಯೋಡರೆಂಟ್ ಹಚ್ಚಬಾರದು, ಚಿತ್ರದಲ್ಲಿ ಚುಕ್ಕೆ ಕಾಣುತ್ತದೆ. ಡಾಕ್ಟರು ಎರಡೂ ಎದೆ, ಕಂಕುಳು, ಕೊರಳೆಲುಬಿನ ಮೇಲ್ಭಾಗ ಮುಟ್ಟಿ ನೋಡುತ್ತಾರೆ ಎಂದು ಮೊದಲೇ ಹೇಳಿರಿ. ಚಿಕ್ಕ ವಯಸ್ಸಿನವರಿಗೆ ಸೋನೋಗ್ರಫಿ ಮೊದಲು, 40 ದಾಟಿದವರಿಗೆ ಮ್ಯಾಮೊಗ್ರಾಂ ಕೂಡ. ಮ್ಯಾಮೊಗ್ರಾಂನಲ್ಲಿ ಎದೆಯನ್ನು ಎರಡು ತಟ್ಟೆಗಳ ನಡುವೆ ಕೆಲವು ಸೆಕೆಂಡು ಒತ್ತುತ್ತದೆ, ನೋಯಬಹುದು.

ರಿಪೋರ್ಟಿನ ಕೊನೆಯಲ್ಲಿ ‘ಬೈರಾಡ್ಸ್’ ಎಂದು, ಸಂಶಯ ಎಷ್ಟು ಎಂದು ಹೇಳುವ ಒಂದು ಅಂಕಿ ಇರುತ್ತದೆ. 3 ಇದ್ದರೆ ಸಾಮಾನ್ಯವಾಗಿ 6 ತಿಂಗಳಲ್ಲಿ ಮತ್ತೆ ನೋಡಬೇಕು. 4 ಅಥವಾ 5 ಇದ್ದರೆ ಸೂಜಿ ಪರೀಕ್ಷೆ. ಜನ ಎಡವುವುದು ಎಲ್ಲಿ ಎಂದರೆ, ಚಿತ್ರದಲ್ಲಿ ಏನೂ ಕಾಣಲಿಲ್ಲ ಎಂದು ನಿಲ್ಲಿಸಿಬಿಡುತ್ತಾರೆ. ಕೈಗೆ ಗಂಟು ಸಿಗುತ್ತಿದ್ದರೆ ಚಿತ್ರ ಚೆನ್ನಾಗಿದ್ದರೂ ಸರ್ಜನ್ನಿಗೆ ಮತ್ತೆ ತೋರಿಸಬೇಕು. ಕೋರ್ ಬಯಾಪ್ಸಿ ಎಂಬ ಸೂಜಿ ಪರೀಕ್ಷೆಯಲ್ಲಿ ಜಾಗ ಮರಗಟ್ಟಿಸಿ ದಪ್ಪ ಸೂಜಿಯಿಂದ ಅಕ್ಕಿಕಾಳಿಗಿಂತ ತೆಳ್ಳಗಿನ ಎಳೆಗಳನ್ನು ತೆಗೆಯುತ್ತಾರೆ. ಪ್ರತಿ ಸಲ ಸ್ಟೇಪ್ಲರ್ ಒತ್ತಿದ ಹಾಗೆ ‘ಟಕ್’ ಎನ್ನುತ್ತದೆ. ಆ ಸದ್ದಿಗೇ ಬೆಚ್ಚುತ್ತಾರೆ, ಮೊದಲೇ ಹೇಳಿಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ತಾವಾಗಿ ನಿಲ್ಲಿಸಬೇಡಿ.

ಗಂಡಸರನ್ನು ಒಪ್ಪಿಸುವುದು ಇನ್ನೂ ಕಷ್ಟ. ‘ರೀ, ಒಂದು ದಿನದ ರಜೆ ಹೋದ್ರೆ ಹೋಗ್ಲಿ’ ಎಂದರೆ ಹೋಟೆಲ್ ಲೈನಿನವರು ಒಪ್ಪುವುದಿಲ್ಲ, ವಾರದ ರಜೆಯ ದಿನವನ್ನೇ ಹಿಡಿಯಬೇಕು. ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಇದ್ದರೆ ಸೋನೋಗ್ರಫಿ ಮತ್ತು ರಕ್ತ ಪರೀಕ್ಷೆ; ಅಲ್ಲಿಗೆ ಸೂಜಿ ಹಾಕಿಸಬಾರದು. ಕುತ್ತಿಗೆಯ ಗಂಟು ಮೂರು ವಾರ ದಾಟಿದರೆ, ಅದರಲ್ಲೂ ತಂಬಾಕು ಹಾಕುವವರಾದರೆ, ಬಾಯಿಯ ಒಳಗನ್ನೂ ನೋಡಿಸಬೇಕು. ಟಿ.ಬಿ. ಇರಬಹುದು, ಆದರೆ ಪರೀಕ್ಷೆ ಮಾಡದೆ ಟಿ.ಬಿ. ಮಾತ್ರೆ ಶುರುಮಾಡಬಾರದು.

ಹಣದ ಕಾಗದ ಮೊದಲೇ ಹುಡುಕಿಡಿ. ಇಎಸ್‌ಐ ಇದ್ದರೆ ಆ ಕಾರ್ಡು. ಮಹಾರಾಷ್ಟ್ರ ಸರಕಾರದ ಆರೋಗ್ಯ ವಿಮೆಯಾದ ಮಹಾತ್ಮಾ ಜ್ಯೋತಿರಾವ್ ಫುಲೆ ಯೋಜನೆಗೆ ಅಲ್ಲಿನ ರೇಷನ್ ಕಾರ್ಡು, ಅದಿಲ್ಲದಿದ್ದರೆ ವಾಸದ (ಡೊಮಿಸೈಲ್) ಪ್ರಮಾಣಪತ್ರ ಬೇಕು. ನಮ್ಮ ಹೆಂಗಸರ ಹೆಸರು ಎಷ್ಟೋ ಸಲ ಇನ್ನೂ ಊರಿನ ಕಾರ್ಡಿನಲ್ಲೇ ಇರುತ್ತದೆ, ಅದು ಕೊನೇ ಗಳಿಗೆಯಲ್ಲಿ ಗೊತ್ತಾಗುತ್ತದೆ.

ರಿಪೋರ್ಟು ತರಲು ಇಬ್ಬರೂ ಹೋಗಿ. ಪರೇಲಿಗೆ ಹೋಗಬೇಕಾಗಿ ಬಂದರೆ ಟಾಟಾ ಹೆಸರು ಈಗ ಹೇಳಿದರೂ ನಡೆಯುತ್ತದೆ, ಇಷ್ಟರಲ್ಲಿ ಅವಳ ಕೈಯಲ್ಲಿ ಕಾಗದವಿದೆ. ಲ್ಯಾಬಿನಿಂದ ರಿಪೋರ್ಟಿನ ಜೊತೆ ಗಾಜಿನ ಸ್ಲೈಡು ಮತ್ತು ತೆಗೆದ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನು ಕೇಳಿ ತೆಗೆದುಕೊಳ್ಳಿ. ಇವಿಲ್ಲದಿದ್ದರೆ ಮತ್ತೆ ಸೂಜಿ ಹಾಕಬೇಕಾಗಬಹುದು. ಸ್ಲೈಡನ್ನು ಡಬ್ಬಿಯಲ್ಲಿಡಿ, ಬ್ಲಾಕನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬೇಡಿ, ಮೇಣ ಮೆತ್ತಗಾಗುತ್ತದೆ.